ಆಂಟಿವೈರಸ್ ಅಪ್‌ಡೇಟ್ ಆದ ಮೇಲೆ ಕಂಪ್ಯೂಟರ್ ತೊಂದರೆ ಕೊಟ್ಟರೆ: ಲಕ್ಷಣ ಹಿಡಿದು ದೋಷ ಹುಡುಕುವ ಕೈಪಿಡಿ

ಆಂಟಿವೈರಸ್ ಉಳಿದ ತಂತ್ರಾಂಶಗಳ ಹಾಗೆ ಕರೆದಾಗ ಬಂದು, ಮುಚ್ಚಿದಾಗ ಹೋಗುವಂಥದ್ದಲ್ಲ. ನಾವು ತೆರೆಯುವ ಪ್ರತಿಯೊಂದು ಕಡತವನ್ನೂ ಅದು ಮೊದಲು ಮುಟ್ಟಿ ನೋಡುತ್ತದೆ, ಅಂತರಜಾಲದಿಂದ ಬರುವ ಪುಟಗಳನ್ನು ನಡುವೆ ನಿಂತು ಪರೀಕ್ಷಿಸುತ್ತದೆ, ಬ್ರೌಸರ್‌ನೊಳಗೂ ಒಂದು ಕೈ ಇಟ್ಟಿರುತ್ತದೆ. ಅದರ ಒಂದು ಭಾಗವಂತೂ ವಿಂಡೋಸ್‌ನ ಕರ್ನಲ್‌ನಲ್ಲಿ, ಎಂದರೆ ತಪ್ಪಾದರೆ ಇಡೀ ಯಂತ್ರವೇ ನಿಂತುಹೋಗುವ ಜಾಗದಲ್ಲಿ, ಕೆಲಸ ಮಾಡುತ್ತಿರುತ್ತದೆ. ಆದ್ದರಿಂದ ಅದರ ಅಪ್‌ಡೇಟ್‌ನಲ್ಲಿ ಏನಾದರೂ ಎಡವಟ್ಟಾದರೆ ಅದು ಆಂಟಿವೈರಸ್‌ನ ಕಿಟಕಿಯಲ್ಲಿ ಕಾಣುವುದು ಅಪರೂಪ. ಇಂಟರ್ನೆಟ್ ಬರುತ್ತಿಲ್ಲ, ಟ್ಯಾಲಿ ತೆರೆಯುತ್ತಿಲ್ಲ, ಪ್ರಿಂಟರ್ ಸಿಗುತ್ತಿಲ್ಲ, ನೀಲಿ ಪರದೆ ಬಂತು ಎಂಬ ದೂರುಗಳ ರೂಪದಲ್ಲಿಯೇ ಅದು ಹೊರಬೀಳುತ್ತದೆ. ದೋಷ ಯಾವ ಜಾಗದಲ್ಲಿ ಕಾಣಿಸಿಕೊಂಡಿತು ಎಂಬುದನ್ನು ಗಮನಿಸಿದರೆ ಆಂಟಿವೈರಸ್‌ನ ಯಾವ ಭಾಗ ಕೈಕೊಟ್ಟಿದೆ ಎಂದು ಬಹುಮಟ್ಟಿಗೆ ಊಹಿಸಬಹುದು. ಈ ಬರಹ ವಿಂಡೋಸ್ 10 ಮತ್ತು 11 ಇರುವ ಮನೆ ಹಾಗೂ ಸಣ್ಣ ಕಚೇರಿಗಳ ಕಂಪ್ಯೂಟರ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು, ಲಕ್ಷಣದಿಂದ ಕಾರಣದ ಕಡೆಗೆ ಸಾಗುತ್ತದೆ.

ನಿಜಕ್ಕೂ ಆಂಟಿವೈರಸ್‌ನದೇ ತಪ್ಪೇ?

ಅಪ್‌ಡೇಟ್ ಆದ ಮೇಲೆ ಕೆಟ್ಟಿತು ಎಂದ ಮಾತ್ರಕ್ಕೆ ಅಪ್‌ಡೇಟ್‌ನಿಂದಲೇ ಕೆಟ್ಟಿತು ಎಂದಾಗುವುದಿಲ್ಲ. ಆಂಟಿವೈರಸ್‌ಗೆ ಬರುವ ಅಪ್‌ಡೇಟ್‌ಗಳಲ್ಲಿ ಎರಡು ಬಗೆಯಿವೆ. ಹೊಸ ವೈರಸ್‌ಗಳ ಗುರುತುಗಳನ್ನು ಹೊತ್ತು ತರುವ ಡೆಫಿನಿಷನ್ ಅಪ್‌ಡೇಟ್ ದಿನಕ್ಕೆ ಹಲವು ಬಾರಿ, ನಮಗೆ ಹೇಳದೆಯೇ ಬಂದುಹೋಗುತ್ತದೆ. ಅದು ತಪ್ಪಿದರೆ ಸಾಮಾನ್ಯವಾಗಿ ಒಳ್ಳೆಯ ಕಡತವನ್ನೇ ವೈರಸ್ ಎಂದು ಹಿಡಿದುಬಿಡುತ್ತದೆ. ತಂತ್ರಾಂಶವನ್ನೇ ಬದಲಿಸುವ ಪ್ರೋಗ್ರಾಂ ಅಪ್‌ಡೇಟ್ ಅಪರೂಪಕ್ಕೆ ಬರುತ್ತದೆ, ಹೆಚ್ಚಾಗಿ ರೀಸ್ಟಾರ್ಟ್ ಕೇಳುತ್ತದೆ. ಅದು ತಪ್ಪಿದರೆ ನಿಧಾನಗತಿ, ಜಾಲಸಂಪರ್ಕದ ತೊಂದರೆ, ನೀಲಿ ಪರದೆಗಳು ಎದುರಾಗುತ್ತವೆ. ಯಾವುದು ಬಂದಿತ್ತು, ಎಷ್ಟು ಹೊತ್ತಿಗೆ ಬಂದಿತ್ತು ಎಂಬುದನ್ನು ಆಂಟಿವೈರಸ್‌ನ ರಿಪೋರ್ಟ್ಸ್ ಅಥವಾ ಹಿಸ್ಟರಿ ಪುಟದಲ್ಲಿ ನೋಡಿ ಬರೆದಿಟ್ಟುಕೊಳ್ಳಿ.

ಬಳಿಕ ಸ್ಟಾರ್ಟ್ ಮೆನುವಿನಲ್ಲಿ ರಿಲಯಬಿಲಿಟಿ ಎಂದು ಟೈಪ್ ಮಾಡಿ, ವ್ಯೂ ರಿಲಯಬಿಲಿಟಿ ಹಿಸ್ಟರಿ ಎಂಬುದನ್ನು ತೆರೆಯಿರಿ. ವಿಂಡೋಸ್‌ನೊಳಗೇ ಇದ್ದು, ಬಳಸುವವರೇ ಇಲ್ಲದಂತಿರುವ ಒಳ್ಳೆಯ ಸಾಧನವಿದು. ಪ್ರತಿ ದಿನಕ್ಕೊಂದು ಕಂಬಸಾಲು ಇರುತ್ತದೆ. ಕುಸಿದ ತಂತ್ರಾಂಶಗಳಿಗೆ ಕೆಂಪು ಗುರುತು, ಅಳವಡಿಕೆಗಳಿಗೆ ನೀಲಿ ಗುರುತು ಬಿದ್ದಿರುತ್ತದೆ. ಕೆಂಪು ಗುರುತುಗಳು ಆಂಟಿವೈರಸ್ ಅಪ್‌ಡೇಟ್‌ಗಿಂತ ಹಿಂದಿನ ದಿನಗಳಲ್ಲಿಯೇ ಶುರುವಾಗಿದ್ದರೆ ನೀವು ತಪ್ಪು ಆರೋಪಿಯನ್ನು ಹಿಡಿದಿದ್ದೀರಿ. ಮೈಕ್ರೋಸಾಫ್ಟ್ ತನ್ನ ತಿಂಗಳ ಅಪ್‌ಡೇಟ್‌ಗಳನ್ನು ಪ್ರತಿ ತಿಂಗಳ ಎರಡನೆಯ ಮಂಗಳವಾರ, ಅಮೆರಿಕದ ಕಾಲಮಾನದಲ್ಲಿ, ಬಿಡುಗಡೆ ಮಾಡುತ್ತದೆ. ನಮ್ಮಲ್ಲಿ ಅವು ಬಹುತೇಕ ಬುಧವಾರ ಬೆಳಿಗ್ಗೆ ಕಾಣಿಸಿಕೊಳ್ಳುತ್ತವೆ. ಬುಧವಾರ ಹುಟ್ಟಿಕೊಂಡ ತೊಂದರೆಗೆ ವಿಂಡೋಸ್ ಅಪ್‌ಡೇಟ್ ಕಾರಣವಿರಬಹುದು, ಅಥವಾ ಎರಡರ ನಡುವಿನ ಜಗಳ ಕಾರಣವಿರಬಹುದು. 2019ರ ಏಪ್ರಿಲ್‌ನಲ್ಲಿ ವಿಂಡೋಸ್ 7ರ ಅಪ್‌ಡೇಟ್ ಬಂದ ಮೇಲೆ ಸೋಫೋಸ್, ಅವಾಸ್ಟ್, ಅವೀರಾ ಇದ್ದ ಕಂಪ್ಯೂಟರ್‌ಗಳು ಬೂಟ್ ಆಗುವಾಗಲೇ ಹೆಪ್ಪುಗಟ್ಟಿದಂತೆ ನಿಂತದ್ದು ಇಂಥದೇ ಜಗಳದಿಂದ.

ಕೈ ಹಾಕುವ ಮುನ್ನ

ಮುಖ್ಯ ಕಡತಗಳನ್ನು ಹೊರಗಿನ ಡಿಸ್ಕ್‌ಗೆ ನಕಲು ಮಾಡಿ, ನಕಲು ಮುಗಿದೊಡನೆ ಆ ಡಿಸ್ಕನ್ನು ಕಳಚಿಡಿ. ಆಂಟಿವೈರಸ್‌ನ ಪರವಾನಗಿ ಕೀ ಮತ್ತು ಅದು ನೋಂದಣಿಯಾಗಿರುವ ಇಮೇಲ್ ವಿಳಾಸವನ್ನು ಕಾಗದದ ಮೇಲೆ ಬರೆದಿಡಿ; ತಂತ್ರಾಂಶ ತೆಗೆದುಹಾಕಿದ ಮೇಲೆ ಅದನ್ನು ಹುಡುಕಾಡುವವರೇ ಹೆಚ್ಚು.

ಡಿಸ್ಕ್‌ನ ಮಾಹಿತಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಸೌಲಭ್ಯದ ವಿಚಾರವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಈಚಿನ ಲ್ಯಾಪ್‌ಟಾಪ್‌ಗಳಲ್ಲಿ, ಹೋಂ ಆವೃತ್ತಿಯಿದ್ದರೂ, ಡಿಸ್ಕ್ ತಾನಾಗಿಯೇ ಗೂಢಲಿಪೀಕರಣಗೊಂಡಿರುವ ಸಾಧ್ಯತೆ ಹೆಚ್ಚು. ದುರಸ್ತಿಯ ಹಂತದಲ್ಲಿ ಕಂಪ್ಯೂಟರ್ 48 ಅಂಕಿಗಳ ರಿಕವರಿ ಕೀ ಕೇಳಿದಾಗ ಅದು ಕೈಯಲ್ಲಿಲ್ಲದಿದ್ದರೆ ಒಳಗಿನ ಮಾಹಿತಿಯನ್ನು ಯಾವ ತಂತ್ರಜ್ಞರೂ ತೆಗೆದುಕೊಡಲಾರರು. ಮೊಬೈಲ್‌ನಲ್ಲಿ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ, ಸಾಧನಗಳ ಪಟ್ಟಿಯಲ್ಲಿ ಆ ಕೀ ಇದೆಯೇ ಎಂದು ಈಗಲೇ ನೋಡಿಕೊಳ್ಳಿ.

ಇನ್ನೊಂದು ಎಚ್ಚರಿಕೆ. ಪರೀಕ್ಷೆಗಾಗಿ ಆಂಟಿವೈರಸ್ ನಿಲ್ಲಿಸಬೇಕಾದಾಗ ನೆಟ್ ಕೇಬಲ್ ಕಿತ್ತು ಅಥವಾ ವೈಫೈ ಆಫ್ ಮಾಡಿ, ಪೆನ್‌ಡ್ರೈವ್‌ಗಳನ್ನು ತೆಗೆದು ನಿಲ್ಲಿಸಿ. ಹತ್ತು ಅಥವಾ ಹದಿನೈದು ನಿಮಿಷದ ಬಳಿಕ ತಾನೇ ಮತ್ತೆ ಚಾಲೂ ಆಗುವ ಆಯ್ಕೆಯಿದ್ದರೆ ಅದನ್ನೇ ಆರಿಸಿಕೊಳ್ಳಿ. ಆಮೇಲೆ ಆನ್ ಮಾಡಿದರಾಯಿತು ಎಂದು ಬಿಟ್ಟದ್ದು ತಿಂಗಳುಗಟ್ಟಲೆ ಹಾಗೆಯೇ ಉಳಿದುಬಿಡುವುದು ಹೊಸದೇನಲ್ಲ.

ಲಕ್ಷಣ: ಕಂಪ್ಯೂಟರ್ ವಿಪರೀತ ನಿಧಾನ, ಫ್ಯಾನ್ ಸದ್ದು ನಿಲ್ಲುತ್ತಿಲ್ಲ

ಇದು ಎಲ್ಲಕ್ಕಿಂತ ಸಾಮಾನ್ಯ, ಎಲ್ಲಕ್ಕಿಂತ ನಿರುಪದ್ರವಿ. ಆಂಟಿವೈರಸ್ ಒಮ್ಮೆ ಪರೀಕ್ಷಿಸಿ ಸರಿಯಿದೆ ಎಂದ ಕಡತಗಳ ಪಟ್ಟಿಯನ್ನು ನೆನಪಿಟ್ಟುಕೊಂಡು ಮುಂದಿನ ಬಾರಿ ಅವುಗಳನ್ನು ಬಿಟ್ಟುಬಿಡುತ್ತದೆ. ದೊಡ್ಡ ಅಪ್‌ಡೇಟ್ ಬಂದಾಗ ಆ ಪಟ್ಟಿ ಹಳತಾಗಿ, ಎಲ್ಲವನ್ನೂ ಹೊಸದಾಗಿ ನೋಡಬೇಕಾಗುತ್ತದೆ. ಹಳೆಯ ಹಾರ್ಡ್ ಡಿಸ್ಕ್ ಇರುವ ಯಂತ್ರದಲ್ಲಿ ಇದಕ್ಕೆ ಹಲವು ಗಂಟೆಗಳೇ ಹಿಡಿಯಬಹುದು. ಆದ್ದರಿಂದ ಮೊದಲನೆಯ ಚಿಕಿತ್ಸೆ ಒಮ್ಮೆ ರೀಸ್ಟಾರ್ಟ್ ಮಾಡಿ, ಚಾರ್ಜರ್ ಹಾಕಿ, ಒಂದು ರಾತ್ರಿ ಸುಮ್ಮನೆ ಬಿಡುವುದು. ರೀಸ್ಟಾರ್ಟ್ ಎಂದರೆ ರೀಸ್ಟಾರ್ಟ್ ಗುಂಡಿಯನ್ನೇ ಒತ್ತಬೇಕು: ಶಟ್‌ಡೌನ್ ಮಾಡಿ ಮತ್ತೆ ಹಚ್ಚಿದರೆ ಫಾಸ್ಟ್ ಸ್ಟಾರ್ಟಪ್ ಸೌಲಭ್ಯದಿಂದಾಗಿ ಕರ್ನಲ್‌ನ ಹಳೆಯ ಸ್ಥಿತಿಯೇ ಹಿಂದಿರುಗಿ ಬರುತ್ತದೆ, ಅರ್ಧಕ್ಕೆ ನಿಂತ ಅಪ್‌ಡೇಟ್ ಅರ್ಧದಲ್ಲೇ ಉಳಿಯುತ್ತದೆ.

ಮರುದಿನವೂ ಹಾಗೆಯೇ ಇದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ಸಿಪಿಯು, ಮೆಮೊರಿ, ಡಿಸ್ಕ್ ಕಾಲಂಗಳಲ್ಲಿ ಯಾರ ಹೆಸರು ಮೇಲಿದೆ ನೋಡಿ. ಆಂಟಿಮಾಲ್‌ವೇರ್ ಸರ್ವಿಸ್ ಎಕ್ಸಿಕ್ಯೂಟಬಲ್ ಎಂಬುದು ವಿಂಡೋಸ್‌ನ ಸ್ವಂತ ಆಂಟಿವೈರಸ್ ಆದ ಡಿಫೆಂಡರ್. ಅದನ್ನು ಕಂಡು ವೈರಸ್ ಎಂದು ಗಾಬರಿಯಾಗಬೇಕಿಲ್ಲ. ಆದರೆ ನೀವು ಬೇರೆ ಆಂಟಿವೈರಸ್ ಕೊಂಡು ಹಾಕಿಕೊಂಡಿದ್ದೂ ಡಿಫೆಂಡರ್ ಜೋರಾಗಿ ಓಡುತ್ತಿದ್ದರೆ ಅದಕ್ಕೊಂದು ಅರ್ಥವಿದೆ. ಹೊರಗಿನ ಆಂಟಿವೈರಸ್ ತನ್ನನ್ನು ವಿಂಡೋಸ್‌ನಲ್ಲಿ ನೋಂದಾಯಿಸಿಕೊಂಡಾಗ ಡಿಫೆಂಡರ್ ಹಿಂದೆ ಸರಿಯಬೇಕು. ಅಪ್‌ಡೇಟ್‌ನ ವೇಳೆ ಆ ನೋಂದಣಿ ತಪ್ಪಿಹೋದರೆ ಎರಡೂ ಒಂದೇ ಕಡತದ ಮೇಲೆ ಬೀಳುತ್ತವೆ. ವಿಂಡೋಸ್ ಸೆಕ್ಯುರಿಟಿಯ ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್ ಪುಟದಲ್ಲಿ ಯಾವುದರ ಹೆಸರಿದೆ ಎಂದು ನೋಡಿದರೆ ಇದು ಖಚಿತವಾಗುತ್ತದೆ. ಎರಡು ಆಂಟಿವೈರಸ್ ಇದ್ದರೆ ಎರಡು ಪಟ್ಟು ರಕ್ಷಣೆ ಎಂಬ ನಂಬಿಕೆ ನಮ್ಮಲ್ಲಿ ಇನ್ನೂ ಉಳಿದಿದೆ. ಒಂದನ್ನು ತೆಗೆಯದೆ ಈ ತೊಂದರೆ ಹೋಗದು.

ಮೆಮೊರಿ ಕಾಲಂನಲ್ಲಿ ಆಂಟಿವೈರಸ್‌ನ ಲೆಕ್ಕ ಗಂಟೆಯಿಂದ ಗಂಟೆಗೆ ಏರುತ್ತಲೇ ಹೋಗಿ ಇಳಿಯದಿದ್ದರೆ ದೋಷ ಅಪ್‌ಡೇಟ್‌ನಲ್ಲಿಯೇ ಇರಬಹುದು. 2018ರ ಜನವರಿ 27ರಂದು ಮಾಲ್‌ವೇರ್‌ಬೈಟ್ಸ್ ಬಿಟ್ಟ ಒಂದು ಅಪ್‌ಡೇಟ್ ಹೀಗೆಯೇ ಯಂತ್ರಗಳ ಮೆಮೊರಿಯನ್ನೆಲ್ಲ ನುಂಗಿತ್ತು; ಸಂಸ್ಥೆ ಅದೇ ದಿನ ತಿದ್ದಿದ ಅಪ್‌ಡೇಟ್ ಕಳುಹಿಸಿತು. ಇಂಥ ಸಂದರ್ಭದಲ್ಲಿ ಅಪ್‌ಡೇಟ್ ಗುಂಡಿಯನ್ನು ಇನ್ನೊಮ್ಮೆ ಒತ್ತುವುದೇ ಪರಿಹಾರ. ಸಿ ಡ್ರೈವ್ ತುಂಬಿಹೋಗಿದ್ದರೂ ಅಪ್‌ಡೇಟ್ ಅರ್ಧದಲ್ಲಿ ನಿಂತು ಮತ್ತೆ ಮತ್ತೆ ಪ್ರಯತ್ನಿಸುತ್ತಿರುತ್ತದೆ ಎಂಬುದನ್ನೂ ಮರೆಯದಿರಿ.

ಲಕ್ಷಣ: ನಿನ್ನೆಯವರೆಗೆ ತೆರೆಯುತ್ತಿದ್ದ ತಂತ್ರಾಂಶ ಇಂದು ಮಾಯ

ಐಕಾನ್ ಬಿಳಿ ಕಾಗದದಂತಾಗಿರುತ್ತದೆ, ಒತ್ತಿದರೆ ಕಡತ ಸಿಗುತ್ತಿಲ್ಲ ಎಂಬ ಸಂದೇಶ ಬರುತ್ತದೆ, ಅಥವಾ ಒಂದು ಕ್ಷಣ ತೆರೆದು ಸದ್ದಿಲ್ಲದೆ ಮುಚ್ಚಿಕೊಳ್ಳುತ್ತದೆ. ಹೊಸ ಡೆಫಿನಿಷನ್ ಆ ತಂತ್ರಾಂಶದ ಒಂದು ಕಡತವನ್ನು ವೈರಸ್ ಎಂದು ಭಾವಿಸಿ ಕ್ವಾರಂಟೈನ್‌ಗೆ ಸಾಗಿಸಿದೆ ಎಂಬುದು ಇದರ ಮೊದಲ ಅರ್ಥ. ಕಡತ ಅಳಿದುಹೋಗಿಲ್ಲ, ಬೀಗ ಹಾಕಿದ ಜಾಗದಲ್ಲಿದೆ. ಹಾಗಾಗಿ ತಂತ್ರಾಂಶವನ್ನು ತೆಗೆದು ಮತ್ತೆ ಹಾಕುವ ಕೆಲಸಕ್ಕೆ ಈಗಲೇ ಹೋಗಬೇಡಿ. ಕೆಲವು ಲೆಕ್ಕಪತ್ರ ತಂತ್ರಾಂಶಗಳನ್ನು ತೆಗೆದುಹಾಕುವಾಗ ಒಂದು ಟಿಕ್ ಗುರುತು ಗಮನಿಸದಿದ್ದರೆ ವರ್ಷಗಳ ಲೆಕ್ಕವೇ ಹೋಗಬಹುದು.

ಆಂಟಿವೈರಸ್‌ನ ಕ್ವಾರಂಟೈನ್ ಪುಟವನ್ನು, ಡಿಫೆಂಡರ್ ಆದರೆ ಪ್ರೊಟೆಕ್ಷನ್ ಹಿಸ್ಟರಿಯನ್ನು ತೆರೆದು ಮೂರು ವಿಷಯಗಳನ್ನು ಓದಿ: ಕಡತ ಯಾವ ಫೋಲ್ಡರ್‌ನಲ್ಲಿತ್ತು, ಯಾವ ವೇಳೆಯಲ್ಲಿ ಹಿಡಿಯಲಾಯಿತು, ಯಾವ ವೈರಸ್‌ನ ಹೆಸರು ಕೊಡಲಾಗಿದೆ. ಪ್ರೋಗ್ರಾಂ ಫೈಲ್ಸ್‌ನೊಳಗೆ ಎರಡು ವರ್ಷದಿಂದ ಇದ್ದ ಕಡತವನ್ನು ಇಂದಿನ ಅಪ್‌ಡೇಟ್ ಆದ ಕೆಲವೇ ನಿಮಿಷಗಳಲ್ಲಿ ಹಿಡಿದಿದ್ದರೆ, ಹೆಸರಿನಲ್ಲಿ ಜೆನೆರಿಕ್, ಹ್ಯೂರಿಸ್ಟಿಕ್ ಎಂಬಂಥ ಪದಗಳಿದ್ದರೆ, ಅದು ತಪ್ಪು ಗುರುತಿಸುವಿಕೆ ಇರಬಹುದು. ಡೌನ್‌ಲೋಡ್ಸ್ ಅಥವಾ ಟೆಂಪ್ ಫೋಲ್ಡರ್‌ನಲ್ಲಿ ನಿನ್ನೆ ಬಂದು ಕೂತ ಕಡತವಾದರೆ ಆಂಟಿವೈರಸ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದೆ ಎಂದು ತಿಳಿಯಿರಿ.

ದೊಡ್ಡ ಸಂಸ್ಥೆಗಳ ಅಪ್‌ಡೇಟ್‌ಗಳೂ ಇಲ್ಲಿ ಎಡವಿವೆ. 2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಡಿಫೆಂಡರ್‌ನ ಒಂದು ಡೆಫಿನಿಷನ್ ಕ್ರೋಮ್ ಬ್ರೌಸರನ್ನೂ ಅದೇ ತಂತ್ರಜ್ಞಾನದ ಮೇಲೆ ಕಟ್ಟಿದ ಇತರ ತಂತ್ರಾಂಶಗಳನ್ನೂ ಹೈವ್ ಎಂಬ ವೈರಸ್ ಎಂದು ಮತ್ತೆ ಮತ್ತೆ ಎಚ್ಚರಿಸುತ್ತಿತ್ತು. 2023ರ ಜನವರಿ 13ರಂದು ಕಚೇರಿಗಳಲ್ಲಿ ಬಳಸುವ ಡಿಫೆಂಡರ್ ಫಾರ್ ಎಂಡ್‌ಪಾಯಿಂಟ್‌ನ ಒಂದು ನಿಯಮ ಡೆಸ್ಕ್‌ಟಾಪ್ ಮತ್ತು ಸ್ಟಾರ್ಟ್ ಮೆನುವಿನ ಶಾರ್ಟ್‌ಕಟ್‌ಗಳನ್ನೇ ಅಳಿಸಿಹಾಕಿತು; ತಂತ್ರಾಂಶಗಳು ಜಾಗದಲ್ಲೇ ಇದ್ದವು, ಅವುಗಳಿಗೆ ಹೋಗುವ ದಾರಿ ಮಾತ್ರ ಕಾಣೆಯಾಗಿತ್ತು. ಐಕಾನ್ ಇಲ್ಲವೆಂದರೆ ತಂತ್ರಾಂಶವೂ ಇಲ್ಲ ಎಂದು ತೀರ್ಮಾನಿಸುವ ಮುನ್ನ ಪ್ರೋಗ್ರಾಂ ಫೈಲ್ಸ್ ಫೋಲ್ಡರ್ ತೆರೆದು ನೋಡಬೇಕು ಎನ್ನುವುದು ಇದಕ್ಕಾಗಿಯೇ.

ಕನ್ನಡ ಟೈಪ್ ಮಾಡುವವರು ಈ ವಿಷಯದಲ್ಲಿ ಹೆಚ್ಚಿನ ಗಮನ ಕೊಡಬೇಕು. ನುಡಿ, ಬರಹದಂಥ ತಂತ್ರಾಂಶಗಳು ನಾವು ಒತ್ತುವ ಇಂಗ್ಲಿಷ್ ಕೀಲಿಯನ್ನು ನಡುವೆಯೇ ಹಿಡಿದು ಕನ್ನಡ ಅಕ್ಷರವಾಗಿ ಬದಲಿಸಿ ಮುಂದಕ್ಕೆ ಕಳುಹಿಸುತ್ತವೆ. ಪಾಸ್‌ವರ್ಡ್ ಕದಿಯುವ ಕೀಲಾಗರ್‌ಗಳೂ ಮಾಡುವುದು ಕೀಲಿಗಳನ್ನು ನಡುವೆ ಹಿಡಿಯುವ ಕೆಲಸವನ್ನೇ. ನಡವಳಿಕೆ ನೋಡಿ ಅಳೆಯುವ ಆಂಟಿವೈರಸ್‌ಗೆ ಎರಡರ ನಡುವಿನ ವ್ಯತ್ಯಾಸ ಯಾವಾಗಲೂ ತಿಳಿಯದು. ಅದರಲ್ಲೂ ಕೋಟ್ಯಂತರ ಕಂಪ್ಯೂಟರ್‌ಗಳಲ್ಲಿ ಇರದ, ಹಳೆಯ ಆವೃತ್ತಿಯ ತಂತ್ರಾಂಶವಾದರೆ ಅನುಮಾನ ಇನ್ನೂ ಹೆಚ್ಚುತ್ತದೆ. ನಿನ್ನೆಯವರೆಗೆ ಕನ್ನಡ ಮೂಡುತ್ತಿದ್ದಲ್ಲಿ ಇಂದು ಇಂಗ್ಲಿಷ್ ಅಕ್ಷರಗಳಷ್ಟೇ ಮೂಡುತ್ತಿದ್ದರೆ ಫಾಂಟ್ ಕೆಟ್ಟಿದೆ ಎಂದು ಅದರ ಹಿಂದೆ ಬೀಳದೆ ಮೊದಲು ಕ್ವಾರಂಟೈನ್ ನೋಡಿ. ತುರ್ತು ಕೆಲಸವಿದ್ದರೆ ವಿಂಡೋಸ್‌ನ ಭಾಷಾ ಸೆಟ್ಟಿಂಗ್‌ನಲ್ಲಿ ಕನ್ನಡ ಕೀಲಿಮಣೆಯನ್ನು ಸೇರಿಸಿಕೊಂಡು ಯೂನಿಕೋಡ್‌ನಲ್ಲಿ ಸದ್ಯಕ್ಕೆ ಮುಂದುವರಿಯಬಹುದು.

ಕಡತವನ್ನು ಹಿಂದಕ್ಕೆ ತರುವ ಮುನ್ನ ಇನ್ನೊಂದು ಅಭಿಪ್ರಾಯ ಪಡೆಯಬೇಕು. ಆ ತಂತ್ರಾಂಶವನ್ನು ಅದರ ತಯಾರಕರ ತಾಣದಿಂದ ಹೊಸದಾಗಿ ಇಳಿಸಿ, ಚಾಲೂ ಮಾಡದೆಯೇ, ವೈರಸ್‌ಟೋಟಲ್ ತಾಣಕ್ಕೆ ಏರಿಸಿದರೆ 70ಕ್ಕೂ ಹೆಚ್ಚು ಆಂಟಿವೈರಸ್‌ಗಳ ಅಭಿಪ್ರಾಯ ಒಮ್ಮೆಗೇ ದೊರೆಯುತ್ತದೆ. ಒಂದೆರಡು ಮಾತ್ರ ಅಪಾಯವೆಂದರೆ ತಪ್ಪು ಗುರುತಿಸುವಿಕೆಯ ಸಂಭವ ಹೆಚ್ಚು. ಹೆಸರಾಂತ ಹತ್ತಾರು ಆಂಟಿವೈರಸ್‌ಗಳು ಒಂದೇ ಮಾತು ಹೇಳಿದರೆ ಆ ಆಸೆ ಬಿಡಬೇಕು. ಅಲ್ಲಿಗೆ ಏರಿಸಿದ ಕಡತಗಳು ಭದ್ರತಾ ಸಂಸ್ಥೆಗಳಿಗೆ ಹಂಚಿಕೆಯಾಗುವುದರಿಂದ ಗ್ರಾಹಕರ ದಾಖಲೆ, ಆಧಾರ್ ಪ್ರತಿ, ಲೆಕ್ಕದ ಕಡತಗಳನ್ನು ಎಂದಿಗೂ ಏರಿಸಬೇಡಿ. ಎಲ್ಲವೂ ಸರಿಯೆನಿಸಿದರೆ ಡೆಫಿನಿಷನ್‌ಗಳನ್ನು ಇನ್ನೊಮ್ಮೆ ಅಪ್‌ಡೇಟ್ ಮಾಡಿ, ಆಮೇಲೆ ರೀಸ್ಟೋರ್ ಒತ್ತಿ. ತಯಾರಕರು ತಪ್ಪನ್ನು ತಿದ್ದಿದ್ದರೆ ಕಡತ ಮತ್ತೆ ಸಿಕ್ಕಿಬೀಳುವುದಿಲ್ಲ. ಆಗಲೂ ಹಿಡಿದರೆ ಆ ಒಂದು ಕಡತಕ್ಕೆ, ಹೆಚ್ಚೆಂದರೆ ಆ ಒಂದು ಫೋಲ್ಡರ್‌ಗೆ ವಿನಾಯಿತಿ ಕೊಡಿ. ಇಡೀ ಡಿ ಡ್ರೈವನ್ನು ಎಕ್ಸ್‌ಕ್ಲೂಷನ್ ಪಟ್ಟಿಗೆ ಸೇರಿಸಿ ಕೈತೊಳೆದುಕೊಳ್ಳುವ ಪದ್ಧತಿ ಸರಿಯಲ್ಲ, ಕಳ್ಳರಿಗೆ ಬೇಕಾದದ್ದೂ ಅದೇ.

ಕಾಯುವ ಸಮಯವಿಲ್ಲದೆ ಡಿಫೆಂಡರ್‌ನ ಹೊಸ ಡೆಫಿನಿಷನ್‌ಗಳನ್ನೇ ಹಿಂದೆಗೆಯಬೇಕಾದರೆ ಅದಕ್ಕೂ ದಾರಿಯಿದೆ: ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ವಿಂಡೋಸ್ ಡಿಫೆಂಡರ್ ಫೋಲ್ಡರ್‌ನಲ್ಲಿರುವ ಎಂಪಿಸಿಎಂಡಿರನ್ (MpCmdRun) ಎಂಬ ಸಾಧನಕ್ಕೆ ಮೊದಲು ರಿಮೂವ್‌ಡೆಫಿನಿಷನ್ಸ್, ಬಳಿಕ ಸಿಗ್ನೇಚರ್‌ಅಪ್‌ಡೇಟ್ ಎಂಬ ಆದೇಶ ಕೊಡಬೇಕು. ಎರಡನೆಯದನ್ನು ಬಿಟ್ಟರೆ ರಕ್ಷಣೆ ಹಳೆಯ ಗುರುತುಗಳ ಮೇಲೆಯೇ ನಿಲ್ಲುತ್ತದೆ.

ಬೀಗ ಮುರಿದ, ಅಂದರೆ ಕ್ರ್ಯಾಕ್ ಮಾಡಿದ ತಂತ್ರಾಂಶಕ್ಕೆ ಈ ಮಾತುಗಳಾವುವೂ ಅನ್ವಯಿಸುವುದಿಲ್ಲ. ಪರವಾನಗಿ ಮುರಿಯುವ ಸಾಧನಗಳ ಜೊತೆ ನಿಜವಾದ ವೈರಸ್ ಅಂಟಿಕೊಂಡು ಬರುವುದು ಎಷ್ಟು ಸಾಮಾನ್ಯವೆಂದರೆ, ಅಲ್ಲಿ ಆಂಟಿವೈರಸ್‌ನ ಮಾತನ್ನೇ ನಂಬುವುದು ಲೇಸು.

ಲಕ್ಷಣ: ಇಂಟರ್ನೆಟ್ ನಿಂತಿದೆ, ಇಲ್ಲವೇ ಎಲ್ಲ ತಾಣಗಳಲ್ಲೂ ಸರ್ಟಿಫಿಕೇಟ್ ಎಚ್ಚರಿಕೆ

ಅದೇ ವೈಫೈಯಲ್ಲಿ ಮೊಬೈಲ್‌ಗೆ ನೆಟ್ ಬರುತ್ತಿದೆಯೇ ನೋಡಿ. ಬರುತ್ತಿಲ್ಲವಾದರೆ ರೂಟರ್‌ನತ್ತ ನಡೆಯಿರಿ. ಬರುತ್ತಿದ್ದರೆ ಕಂಪ್ಯೂಟರ್‌ನ ಮೂಲೆಯಲ್ಲಿರುವ ದಿನಾಂಕ, ಗಂಟೆ ನೋಡಿ. ಮದರ್‌ಬೋರ್ಡ್‌ನ ಸಿಆರ್ 2032 ಗುಂಡು ಬ್ಯಾಟರಿ ಸತ್ತ ಹಳೆಯ ಯಂತ್ರಗಳಲ್ಲಿ ದಿನಾಂಕ ವರ್ಷಗಳಷ್ಟು ಹಿಂದಕ್ಕೆ ಹೋಗಿ, ಸುರಕ್ಷಿತ ತಾಣಗಳೆಲ್ಲ ಎಚ್ಚರಿಕೆ ತೋರಿಸುತ್ತವೆ. ಆಂಟಿವೈರಸ್ ಅಪ್‌ಡೇಟ್ ಆದ ಮೇಲೆ ವಿದ್ಯುತ್ ಪೂರ್ತಿ ಕಡಿದು ಮತ್ತೆ ಹಚ್ಚಿದಾಗ ಇದು ಬೆಳಕಿಗೆ ಬಂದರೆ ಅಪವಾದ ಆಂಟಿವೈರಸ್‌ನ ತಲೆಗೆ ಬರುತ್ತದೆ.

ದಿನಾಂಕ ಸರಿಯಿದ್ದರೆ ಸರ್ಟಿಫಿಕೇಟನ್ನೇ ಓದಬೇಕು. ವಿಳಾಸಪಟ್ಟಿಯ ಎಡತುದಿಯ ಗುರುತನ್ನು ಒತ್ತಿ, ಸರ್ಟಿಫಿಕೇಟ್ ವಿವರ ತೆರೆದು, ಇಶ್ಯೂಡ್ ಬೈ ಎಂಬಲ್ಲಿ ಯಾರ ಹೆಸರಿದೆ ನೋಡಿ. ಸಾಮಾನ್ಯವಾಗಿ ಅಲ್ಲಿ ಡಿಜಿಸರ್ಟ್, ಲೆಟ್ಸ್ ಎನ್‌ಕ್ರಿಪ್ಟ್, ಗೂಗಲ್ ಟ್ರಸ್ಟ್ ಸರ್ವಿಸಸ್‌ನಂಥ ಪ್ರಮಾಣಪತ್ರ ಸಂಸ್ಥೆಯ ಹೆಸರಿರುತ್ತದೆ. ನಿಮ್ಮ ಆಂಟಿವೈರಸ್‌ನ ಹೆಸರೇ ಇದ್ದರೆ ಅದು ಗೂಢಲಿಪಿಯ ಪುಟಗಳನ್ನು ನಡುವೆ ಬಿಚ್ಚಿ, ಪರೀಕ್ಷಿಸಿ, ತನ್ನದೇ ಮೊಹರು ಹಾಕಿ ಬ್ರೌಸರ್‌ಗೆ ಕೊಡುತ್ತಿದೆ ಎಂದರ್ಥ. ಅಪ್‌ಡೇಟ್‌ನಲ್ಲಿ ಆ ಮೊಹರು ಹೊಸದಾಗಿ, ಬ್ರೌಸರ್‌ಗೆ ಅದರ ಪರಿಚಯವಾಗದೆ ಹೋದಾಗ ಎಚ್ಚರಿಕೆಗಳು ಶುರುವಾಗುತ್ತವೆ. ಫೈರ್‌ಫಾಕ್ಸ್ ತನ್ನದೇ ಪ್ರಮಾಣಪತ್ರಗಳ ಪಟ್ಟಿ ಇಟ್ಟುಕೊಳ್ಳುವುದರಿಂದ ಅಲ್ಲಿ ಮಾತ್ರ ಎಚ್ಚರಿಕೆ ಬಂದು ಕ್ರೋಮ್‌ನಲ್ಲಿ ಬರದಿರುವುದುಂಟು; ಇಷ್ಟು ಕಂಡರೆ ರೋಗ ಹಿಡಿದಂತೆಯೇ ಸರಿ. ಆಂಟಿವೈರಸ್‌ನ ಸೆಟ್ಟಿಂಗ್‌ನಲ್ಲಿ ಎಚ್‌ಟಿಟಿಪಿಎಸ್ ಸ್ಕ್ಯಾನಿಂಗ್ ಎಂಬುದನ್ನು ಆಫ್ ಮಾಡಿ, ರೀಸ್ಟಾರ್ಟ್ ಮಾಡಿ, ಮತ್ತೆ ಆನ್ ಮಾಡಿದರೆ ಹೊಸ ಮೊಹರು ಸರಿಯಾಗಿ ಕೂರುತ್ತದೆ. ಇಶ್ಯೂಡ್ ಬೈ ಎಂಬಲ್ಲಿ ಪ್ರಮಾಣಪತ್ರ ಸಂಸ್ಥೆಯದೂ ಅಲ್ಲದ, ನಿಮ್ಮ ಆಂಟಿವೈರಸ್‌ನದೂ ಅಲ್ಲದ, ಕೇಳರಿಯದ ಹೆಸರು ಇದ್ದರೆ ಬ್ಯಾಂಕಿನ ಪಾಸ್‌ವರ್ಡ್ ಟೈಪ್ ಮಾಡದೆ ಅಲ್ಲಿಗೇ ನಿಲ್ಲಿಸಿ, ಆ ಯಂತ್ರವನ್ನು ಜಾಲದಿಂದ ಬೇರ್ಪಡಿಸಿ. ಎಚ್ಚರಿಕೆಯನ್ನು ದಾಟಿ ಮುಂದೆ ಹೋಗುವ ಗುಂಡಿಯನ್ನು ಯಾವ ಸಂದರ್ಭದಲ್ಲೂ ಒತ್ತಬೇಡಿ.

ತೆರಿಗೆ ಸಲಹೆಗಾರರ ಕಚೇರಿಗಳಲ್ಲಿ ಇದೇ ದೋಷ ಬೇರೆ ವೇಷದಲ್ಲಿ ಬರುತ್ತದೆ. ಜಿಎಸ್‌ಟಿ ತಾಣದಲ್ಲಿ ಡಿಜಿಟಲ್ ಸಹಿ ಹಾಕಲು ಬಳಸುವ ಇಎಂಸೈನರ್ ಕಂಪ್ಯೂಟರ್‌ನೊಳಗೇ ಒಂದು ಪುಟ್ಟ ಸರ್ವರ್‌ನಂತೆ ಕೂತು ಬ್ರೌಸರ್ ಜೊತೆ ಮಾತಾಡುತ್ತದೆ. ಆಂಟಿವೈರಸ್‌ನ ಜಾಲರಕ್ಷಣೆ ಆ ಒಳಮಾತುಕತೆಗೆ ಅಡ್ಡ ಬಂದರೆ ಸಹಿಯನ್ನು ಹೊತ್ತ ಯುಎಸ್‌ಬಿ ಟೋಕನ್ ಚುಚ್ಚಿದ್ದರೂ ಸಂಪರ್ಕ ಆಗುತ್ತಿಲ್ಲ ಎಂಬ ಸಂದೇಶವೇ ಬರುತ್ತದೆ. ರಿಟರ್ನ್ ಸಲ್ಲಿಕೆಯ ಕೊನೆಯ ದಿನವಾದ 20ನೆಯ ತಾರೀಖಿನ ಸಂಜೆ ಇದು ಎದುರಾದರೆ ಟೋಕನ್‌ನ ಡ್ರೈವರ್ ಕಿತ್ತು ಹಾಕುವ ಮುನ್ನ ಎಚ್‌ಟಿಟಿಪಿಎಸ್ ಸ್ಕ್ಯಾನಿಂಗನ್ನು ಕೆಲವು ನಿಮಿಷ ನಿಲ್ಲಿಸಿ ನೋಡಿ. ಸಹಿ ಬಿದ್ದರೆ ಆ ಒಂದು ತಂತ್ರಾಂಶಕ್ಕೆ ವಿನಾಯಿತಿ ಕೊಡಿ.

ನೆಟ್ ಪೂರ್ತಿ ನಿಂತಿದ್ದರೆ ಕಮಾಂಡ್ ಪ್ರಾಂಪ್ಟ್‌ನಲ್ಲಿ 8.8.8.8 ಎಂಬ ವಿಳಾಸಕ್ಕೆ ಪಿಂಗ್ ಮಾಡಿ. ಉತ್ತರ ಬಂದೂ ತಾಣಗಳು ತೆರೆಯದಿದ್ದರೆ ಸಂಪರ್ಕ ಸರಿಯಿದೆ, ಹೆಸರು ಹುಡುಕುವ ಡಿಎನ್‌ಎಸ್ ವ್ಯವಸ್ಥೆ ಅಥವಾ ಆಂಟಿವೈರಸ್‌ನ ಜಾಲಶೋಧಕ ಸಿಕ್ಕಿಹಾಕಿಕೊಂಡಿದೆ. ಉತ್ತರವೇ ಬರದಿದ್ದರೆ ಅದರ ಫೈರ್‌ವಾಲ್ ಎಲ್ಲವನ್ನೂ ತಡೆಯುತ್ತಿರಬಹುದು. ಆಂಟಿವೈರಸನ್ನು ಸರಿಯಾಗಿ ತೆಗೆದ ಮೇಲೂ ನೆಟ್ ಬರದಿದ್ದಾಗ ಮಾತ್ರ ಜಾಲದ ಸೆಟ್ಟಿಂಗ್‌ಗಳನ್ನು ಮೊದಲಿನ ಸ್ಥಿತಿಗೆ ತರುವ ನೆಟ್‌ಶ್ ವಿನ್‌ಸಾಕ್ ರೀಸೆಟ್ (netsh winsock reset) ಎಂಬ ಆದೇಶಕ್ಕೆ ಕೈ ಹಾಕಿ. ಕಚೇರಿಯಲ್ಲಿ ಕೈಯಿಂದ ಕೊಟ್ಟ ಐಪಿ ವಿಳಾಸಗಳಿದ್ದರೆ ಜಾಲದ ಯಾವುದೇ ರೀಸೆಟ್‌ಗೂ ಮುನ್ನ ಅವುಗಳನ್ನು ಬರೆದಿಟ್ಟುಕೊಳ್ಳಿ.

ಲಕ್ಷಣ: ನೆಟ್ ಇದೆ, ಪ್ರಿಂಟರ್ ಮತ್ತು ಹಂಚಿದ ಫೋಲ್ಡರ್ ಮಾತ್ರ ಸಿಗುತ್ತಿಲ್ಲ

ಪ್ರೋಗ್ರಾಂ ಅಪ್‌ಡೇಟ್ ಆದಾಗ ಫೈರ್‌ವಾಲ್‌ನ ನಿಯಮಗಳು ಮೊದಲಿನ ಸ್ಥಿತಿಗೆ ಮರಳಿ, ಕಚೇರಿಯ ಜಾಲವನ್ನು ಪಬ್ಲಿಕ್ ಎಂದು ಎಣಿಸಿರುತ್ತದೆ. ಅದನ್ನು ಪ್ರೈವೇಟ್ ಅಥವಾ ಹೋಂ ಎಂದು ಬದಲಿಸಿದರೆ ಬಹುಪಾಲು ಸರಿಹೋಗುತ್ತದೆ. ಹೋಟೆಲ್, ಬಸ್ ನಿಲ್ದಾಣಗಳ ವೈಫೈಗೆ ಮಾತ್ರ ಪಬ್ಲಿಕ್ ಎಂದೇ ಇರಲಿ.

ಲಕ್ಷಣ: ನೀಲಿ ಪರದೆ, ಅಥವಾ ಮತ್ತೆ ಮತ್ತೆ ರೀಸ್ಟಾರ್ಟ್

2010ರ ಏಪ್ರಿಲ್ 21ರಂದು ಮೆಕಾಫಿಯ 5958 ಸಂಖ್ಯೆಯ ಡೆಫಿನಿಷನ್ ವಿಂಡೋಸ್ ಎಕ್ಸ್‌ಪಿಯ ಎಸ್‌ವಿಸಿಹೋಸ್ಟ್ ಎಂಬ ಜೀವಾಳದ ಕಡತವನ್ನೇ ವೈರಸ್ ಎಂದು ಎತ್ತಿಹಾಕಿತು. ಯಂತ್ರಗಳು ಜಾಲಸಂಪರ್ಕ ಕಳೆದುಕೊಂಡು ಒಂದೇ ಸಮನೆ ರೀಸ್ಟಾರ್ಟ್ ಆಗತೊಡಗಿದವು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆ ಕಳುಹಿಸಿದ ಒಂದು ಸಣ್ಣ ಕಡತ, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 9.39ಕ್ಕೆ ಹೊರಟು 10.57ಕ್ಕೆ ಹಿಂತೆಗೆಯಲ್ಪಡುವಷ್ಟರಲ್ಲಿ, ಮೈಕ್ರೋಸಾಫ್ಟ್‌ನ ಅಂದಾಜಿನಂತೆ 85 ಲಕ್ಷ ವಿಂಡೋಸ್ ಯಂತ್ರಗಳನ್ನು ಕೆಡವಿತು. ಆ ದಿನ ಬೆಂಗಳೂರೂ ಸೇರಿದಂತೆ ದೇಶದ ಹಲವು ವಿಮಾನ ನಿಲ್ದಾಣಗಳಲ್ಲಿ ಚೆಕ್-ಇನ್ ಅಸ್ತವ್ಯಸ್ತವಾಗಿ, ಕೆಲವೆಡೆ ಬೋರ್ಡಿಂಗ್ ಪಾಸ್‌ಗಳನ್ನು ಕೈಯಲ್ಲಿ ಬರೆದುಕೊಡಬೇಕಾಯಿತು. ಕ್ರೌಡ್‌ಸ್ಟ್ರೈಕ್ ಮನೆಬಳಕೆಯ ತಂತ್ರಾಂಶವಲ್ಲ. ಆದರೂ ಅಂದಿನ ಪರಿಹಾರದ ಹೆಜ್ಜೆಗಳು ಮನೆಯ ಕಂಪ್ಯೂಟರ್‌ಗೂ ಹೊಂದುತ್ತವೆ: ವಿಂಡೋಸ್‌ನ ಅಗತ್ಯ ಭಾಗಗಳಷ್ಟೇ ಓಡುವ ಸೇಫ್ ಮೋಡ್‌ಗೆ ಹೋಗುವುದು, ತೊಂದರೆಯ ಕಡತವನ್ನು ತೆಗೆಯುವುದು, ರೀಸ್ಟಾರ್ಟ್ ಮಾಡುವುದು. ಬಿಟ್‌ಲಾಕರ್ ಕೀ ಸಿಗದೆ ಅಂದು ಬಹಳಷ್ಟು ಕಡೆ ಕೆಲಸ ನಿಂತದ್ದೂ ಉಂಟು.

ನೀಲಿ ಪರದೆ (ವಿಂಡೋಸ್ 11ರ ಈಚಿನ ಆವೃತ್ತಿಗಳಲ್ಲಿ ಅದು ಕಪ್ಪು) ಬಂದಾಗ ಮೊಬೈಲ್‌ನಲ್ಲಿ ಅದರ ಚಿತ್ರ ತೆಗೆದುಕೊಳ್ಳಿ. ಕೆಳಗೆ ಸ್ಟಾಪ್ ಕೋಡ್ ಇರುತ್ತದೆ. ಕೆಲವೊಮ್ಮೆ ವಾಟ್ ಫೇಲ್ಡ್ ಎಂಬುದರ ಮುಂದೆ ಎಸ್‌ವೈಎಸ್ ಎಂದು ಕೊನೆಯಾಗುವ ಒಂದು ಕಡತದ ಹೆಸರೂ ಇರುತ್ತದೆ. ಎಲ್ಲಕ್ಕಿಂತ ಬೆಲೆಯುಳ್ಳ ಸುಳಿವು ಆ ಹೆಸರೇ. ಸಿಸ್ಟಂ32ರ ಡ್ರೈವರ್ಸ್ ಫೋಲ್ಡರ್‌ನಲ್ಲಿ ಅದನ್ನು ಹುಡುಕಿ, ಪ್ರಾಪರ್ಟೀಸ್‌ನ ಡೀಟೇಲ್ಸ್‌ನಲ್ಲಿ ಯಾವ ಸಂಸ್ಥೆಯ ಹೆಸರಿದೆ ನೋಡಿದರೆ ಅಪರಾಧಿ ಆಂಟಿವೈರಸ್ಸೋ, ಗ್ರಾಫಿಕ್ಸ್ ಕಾರ್ಡೋ, ಪ್ರಿಂಟರೋ ಎಂದು ತಿಳಿಯುತ್ತದೆ.

ಸೇಫ್ ಮೋಡ್‌ಗೆ ಹೋಗಲು, ಲಾಗಿನ್ ಪರದೆಯವರೆಗೆ ಬರುವ ಯಂತ್ರವಾದರೆ ಶಿಫ್ಟ್ ಒತ್ತಿಹಿಡಿದು ರೀಸ್ಟಾರ್ಟ್ ಒತ್ತಬೇಕು. ಅಲ್ಲಿಗೂ ಬರದಿದ್ದರೆ ವಿಂಡೋಸ್ ಶುರುವಾಗುತ್ತಿದ್ದಂತೆ ಪವರ್ ಗುಂಡಿಯನ್ನು ಒತ್ತಿಹಿಡಿದು ಆರಿಸುವುದನ್ನು ಎರಡು ಮೂರು ಬಾರಿ ಮಾಡಿದಾಗ ದುರಸ್ತಿಯ ಪರದೆ ತಾನಾಗಿ ಬರುತ್ತದೆ. ಅಪ್‌ಡೇಟ್ ನಡೆಯುತ್ತಿದೆ ಎಂಬ ಸಂದೇಶ ಪರದೆಯ ಮೇಲಿದ್ದಾಗ ಮಾತ್ರ ಹೀಗೆ ಮಾಡಬೇಡಿ. ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್ ಎಂದು ಸಾಗಿ, 4 ಒತ್ತಿದರೆ ಸೇಫ್ ಮೋಡ್, 5 ಒತ್ತಿದರೆ ಜಾಲಸಹಿತ ಸೇಫ್ ಮೋಡ್. ಅಲ್ಲಿ ಪಿನ್ ಕೆಲಸ ಮಾಡದಿರಬಹುದು, ಖಾತೆಯ ಪೂರ್ಣ ಪಾಸ್‌ವರ್ಡ್ ನೆನಪಿರಲಿ. ಸೇಫ್ ಮೋಡ್‌ನಲ್ಲಿ ಗಂಟೆಗಟ್ಟಲೆ ಇದ್ದರೂ ಯಂತ್ರ ಬೀಳದಿದ್ದರೆ ಹೊರಗಿನ ಯಾವುದೋ ಡ್ರೈವರ್ ಕಾರಣ, ಮತ್ತು ಈಗಷ್ಟೇ ಬದಲಾದ ಆಂಟಿವೈರಸ್ ಮೊದಲ ಅನುಮಾನಿತ. ಅಲ್ಲಿಯೂ ಬಿದ್ದರೆ ರ‍್ಯಾಮ್, ಡಿಸ್ಕ್, ಬಿಸಿಯ ಕಡೆ ನೋಡಬೇಕು.

ಆಂಟಿವೈರಸ್ ತೆಗೆಯುವ ಹಂತ ಬಂದಾಗ ಒಂದು ತೊಡಕು ಎದುರಾಗುತ್ತದೆ: ಸೇಫ್ ಮೋಡ್‌ನಲ್ಲಿ ವಿಂಡೋಸ್ ಇನ್‌ಸ್ಟಾಲರ್ ಸೇವೆ ಓಡುವುದಿಲ್ಲವಾದ್ದರಿಂದ ಸಾಮಾನ್ಯ ಅನ್‌ಇನ್‌ಸ್ಟಾಲ್ ಅರ್ಧಕ್ಕೆ ನಿಲ್ಲಬಹುದು. ಇದಕ್ಕೆಂದೇ ಹೆಚ್ಚಿನ ಆಂಟಿವೈರಸ್ ಸಂಸ್ಥೆಗಳು ಪ್ರತ್ಯೇಕ ರಿಮೂವಲ್ ಟೂಲ್ ಕೊಡುತ್ತವೆ. ಅದನ್ನು ಬೇರೆ ಕಂಪ್ಯೂಟರ್‌ನಲ್ಲಿ ಆಯಾ ಸಂಸ್ಥೆಯ ತಾಣದಿಂದಲೇ ಇಳಿಸಿ ಪೆನ್‌ಡ್ರೈವ್‌ನಲ್ಲಿ ತಂದು ಓಡಿಸಿ. ಫೋಲ್ಡರನ್ನು ಕೈಯಿಂದ ಅಳಿಸುವುದು, ರಿಜಿಸ್ಟ್ರಿಯಲ್ಲಿ ಹೆಸರು ಹುಡುಕಿ ಕಿತ್ತುಹಾಕುವುದು ಬೇಡ. ಕರ್ನಲ್‌ನಲ್ಲಿ ದಾಖಲಾದ ಡ್ರೈವರ್‌ನ ಕಡತ ಮಾತ್ರ ಮಾಯವಾದರೆ ಮುಂದಿನ ಬೂಟ್ ಇನ್ನೂ ಕೆಡಬಹುದು. ಸಿಸ್ಟಂ ರೀಸ್ಟೋರ್ ಬಳಸುವುದಾದರೆ ಅದೇ ದುರಸ್ತಿ ಪರದೆಯಿಂದ ಬಳಸಿ: ವಿಂಡೋಸ್‌ನೊಳಗಿಂದ ಮಾಡಿದಾಗ ಆಂಟಿವೈರಸ್‌ನ ಸ್ವರಕ್ಷಣೆ ತನ್ನ ಕಡತಗಳನ್ನು ಬದಲಿಸಲು ಬಿಡದೆ ರೀಸ್ಟೋರ್ ವಿಫಲವಾಗುವುದುಂಟು. ಆಂಟಿವೈರಸ್ ತೆಗೆದು ವಿಂಡೋಸ್ ಸಹಜವಾಗಿ ತೆರೆದುಕೊಂಡ ಮೇಲೆ, ಅದು ಯಾವುದಾದರೂ ವ್ಯವಸ್ಥಾ ಕಡತಕ್ಕೆ ಕೈಯಿಟ್ಟಿತ್ತೇ ಎಂದು ತಿಳಿಯಲು ಅಡ್ಮಿನಿಸ್ಟ್ರೇಟರ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ಮೊದಲು ಡಿಐಎಸ್‌ಎಂನ ರೀಸ್ಟೋರ್‌ಹೆಲ್ತ್ (DISM /Online /Cleanup-Image /RestoreHealth) ಆದೇಶವನ್ನೂ ಬಳಿಕ ಎಸ್‌ಎಫ್‌ಸಿ ಸ್ಕ್ಯಾನ್‌ನೌ (sfc /scannow) ಆದೇಶವನ್ನೂ ಓಡಿಸಿ. ಅಷ್ಟರವರೆಗೆ ಡಿಫೆಂಡರ್ ತಾನಾಗಿ ಎದ್ದು ಕಾವಲು ನಿಂತಿರುತ್ತದೆ. ನಿಂತಿದೆಯೇ ಎಂದು ನೋಡಿಕೊಳ್ಳುವುದು ನಿಮ್ಮ ಕೆಲಸ.

ಲಕ್ಷಣ: ಆಂಟಿವೈರಸ್ಸೇ ತೆರೆಯುತ್ತಿಲ್ಲ, ಕೆಂಪು ಗುರುತು ಹೋಗುತ್ತಿಲ್ಲ

ರೀಸ್ಟಾರ್ಟ್, ಪರವಾನಗಿಯ ಅವಧಿ, ಸಿ ಡ್ರೈವ್‌ನಲ್ಲಿ ಖಾಲಿ ಜಾಗ: ಮೊದಲು ಈ ಮೂರನ್ನು ನೋಡಿ. ವಿಂಡೋಸ್ ಆವೃತ್ತಿಯನ್ನೂ ನೋಡಿ. ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೂ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೂ ಸಾಮಾನ್ಯ ಬೆಂಬಲ ಮುಗಿದಿದೆ. ಹಳೆಯ ವಿಂಡೋಸ್ ಮೇಲೆ ಹೊಸ ಆವೃತ್ತಿಯ ಆಂಟಿವೈರಸ್ ಕೂರದಿದ್ದರೆ ಅದು ದುರಸ್ತಿಗೆ ಬಗ್ಗುವ ದೋಷವಲ್ಲ. ಮತ್ತೆ ಅಳವಡಿಸಿದರೂ ಆಂಟಿವೈರಸ್ ಕ್ಷಣದಲ್ಲೇ ಮುಚ್ಚಿಕೊಂಡರೆ, ಡಿಫೆಂಡರ್ ಕೂಡ ಆನ್ ಆಗಲು ಒಪ್ಪದಿದ್ದರೆ, ಭದ್ರತಾ ಸಂಸ್ಥೆಗಳ ತಾಣಗಳು ಮಾತ್ರ ತೆರೆಯದಿದ್ದರೆ, ಅಪ್‌ಡೇಟ್‌ನ ಮಾತು ಬಿಡಿ. ಒಳಗೆ ನಿಜವಾದ ವೈರಸ್ ಸೇರಿಕೊಂಡು ಕಾವಲುಗಾರನ ಕೈಕಟ್ಟಿದೆ. ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ ವಿಂಡೋಸ್ ಶುರುವಾಗುವ ಮುನ್ನವೇ ಓಡುವುದರಿಂದ ಇಂಥಲ್ಲಿ ಉಪಯೋಗಕ್ಕೆ ಬರುತ್ತದೆ. ಭಾರತ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ ನಡೆಸುವ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲಿಯೂ ಉಚಿತ ಶುದ್ಧೀಕರಣ ಸಾಧನಗಳು ದೊರೆಯುತ್ತವೆ.

ಪರದೆಯ ಬಲಮೂಲೆಯಲ್ಲಿ ನಿಮ್ಮ ಆಂಟಿವೈರಸ್ ಮುಗಿದಿದೆ, ಕೂಡಲೇ ಹಣ ಕಟ್ಟಿ, ಈ ಸಂಖ್ಯೆಗೆ ಕರೆ ಮಾಡಿ ಎಂಬ ಕಿಟಕಿಗಳು ಬರತೊಡಗಿದ್ದರೆ, ಅದರಲ್ಲೂ ನೀವು ಎಂದೂ ಹಾಕಿಕೊಳ್ಳದ ಆಂಟಿವೈರಸ್‌ನ ಹೆಸರಿನಲ್ಲಿ ಬಂದರೆ, ಅವು ಯಾವುದೋ ತಾಣಕ್ಕೆ ನೀವು ಕೊಟ್ಟ ನೋಟಿಫಿಕೇಷನ್ ಅನುಮತಿಯ ಫಲ. ಕ್ರೋಮ್‌ನ ಸೈಟ್ ಸೆಟ್ಟಿಂಗ್ಸ್‌ನಲ್ಲಿ ಆ ಅನುಮತಿಯನ್ನು ರದ್ದು ಮಾಡಿದರೆ ನಿಲ್ಲುತ್ತವೆ. ಕರೆ ಮಾಡಿ, ಅವರು ಹೇಳಿದಂತೆ ಎನಿಡೆಸ್ಕ್‌ನಂಥ ದೂರನಿಯಂತ್ರಣ ತಂತ್ರಾಂಶ ಹಾಕಿಕೊಂಡು ಹಣ ಹೋಗಿದ್ದರೆ ತಡಮಾಡದೆ ಬ್ಯಾಂಕಿಗೂ ಸೈಬರ್ ವಂಚನೆಯ 1930 ಸಹಾಯವಾಣಿಗೂ ಕರೆ ಮಾಡಿ. ಕಂಪ್ಯೂಟರ್ ಸರಿಪಡಿಸುವ ಕೆಲಸ ಆಮೇಲೆ.

ನಿಲ್ಲಿಸಿ, ಬಲ್ಲವರನ್ನು ಕರೆಯಬೇಕಾದ ಹಂತ

ಕಚೇರಿ ಕೊಟ್ಟ ಕಂಪ್ಯೂಟರ್ ಆದರೆ ಮೊದಲ ರೀಸ್ಟಾರ್ಟ್‌ನ ಬಳಿಕ ಏನನ್ನೂ ಮಾಡದೆ ಐಟಿ ವಿಭಾಗಕ್ಕೆ ತಿಳಿಸಿ. ಅಲ್ಲಿ ಆಂಟಿವೈರಸ್‌ನ ಆಡಳಿತ ಒಂದೇ ಕಡೆಯಿಂದ ನಡೆಯುತ್ತಿರುತ್ತದೆ, ನೀವು ತೆಗೆದದ್ದು ಮತ್ತೆ ಬರುತ್ತದೆ. ಬಿಟ್‌ಲಾಕರ್ ಕೀ ಸಿಗದಿದ್ದರೆ, ಡಿಸ್ಕ್‌ನಿಂದ ಟಿಕ್ ಟಿಕ್ ಸದ್ದು ಬರುತ್ತಿದ್ದರೆ, ಕಡತಗಳ ಹೆಸರಿನ ಬಾಲ ಬದಲಾಗಿ ಹಣ ಕೇಳುವ ಪತ್ರ ಕಂಡರೆ ಪ್ರಯೋಗಗಳನ್ನು ಬಿಡಿ. ಪತ್ರ ಕಂಡಾಗಲಂತೂ ಮೊದಲು ನೆಟ್ ಕೇಬಲ್ ಕೀಳಿ, ಬ್ಯಾಕಪ್ ಡಿಸ್ಕನ್ನು ಆ ಯಂತ್ರಕ್ಕೆ ಚುಚ್ಚಲೇಬೇಡಿ.

ಅಂಗಡಿಗೆ ಒಯ್ದಾಗ ಫಾರ್ಮ್ಯಾಟ್ ಮಾಡಿಕೊಡುತ್ತೇವೆ ಎನ್ನುವುದೇ ಬಹುಪಾಲು ಮೊದಲ ಮಾತಾಗಿರುತ್ತದೆ. ಅದಕ್ಕೆ ಒಪ್ಪುವ ಮುನ್ನ ಅಪ್‌ಡೇಟ್ ಆದ ದಿನ ಮತ್ತು ವೇಳೆ, ಆಂಟಿವೈರಸ್‌ನ ಆವೃತ್ತಿ, ನೀಲಿ ಪರದೆಯ ಚಿತ್ರ, ಸೇಫ್ ಮೋಡ್‌ನಲ್ಲಿ ಯಂತ್ರ ನಿಂತಿತೇ ಬಿದ್ದಿತೇ ಎಂಬುದನ್ನು ಬರೆದ ಚೀಟಿಯನ್ನು ಅವರ ಮುಂದಿಟ್ಟು, ರಿಮೂವಲ್ ಟೂಲ್ ಓಡಿಸಿ ನೋಡಿದ್ದೀರಾ ಎಂದು ಕೇಳಿ. ಫಾರ್ಮ್ಯಾಟ್ ಅನಿವಾರ್ಯವೇ ಆದರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಲೆಕ್ಕದ ತಂತ್ರಾಂಶದ ಡೇಟಾ ಫೋಲ್ಡರ್, ಔಟ್‌ಲುಕ್‌ನ ಅಂಚೆ ಕಡತ, ನುಡಿಯ ಹಳೆಯ ಫಾಂಟ್‌ಗಳು ಇವಿಷ್ಟನ್ನೂ ನಕಲು ಮಾಡಿ, ಬೇರೊಂದು ಕಂಪ್ಯೂಟರ್‌ನಲ್ಲಿ ತೆರೆದು ತೋರಿಸಿದ ಮೇಲೆಯೇ ಒಪ್ಪಿಗೆ ಕೊಡಿ.